ಗೌನಿನ ಕಾಗದದ ನಕ್ಷತ್ರ

ಮನೆಯಿಂದ,
ಡಿಸೆಂಬರ್ ೨೦, ಬೆಳಗ್ಗೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿರುವವರು ಸರಿಯಾಗಿ ಒದೆಯುತ್ತಿದ್ದಾರೆಯೇ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ ಅತ್ತೆ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ; ನಾಳೆ ನಿನ್ನ ಗಂಡನ ಕೈಯಲ್ಲಿ ಕಳಿಸುತ್ತೇನೆ. ಹೆರಿಗೆಯವರೆಗೂ ಮಲಗಿರು ಎಂದು ಡಾಕ್ಟರು ಹೇಳಿದ ಮೇಲೆ ಮಲಗಿರು. ಎದ್ದು ಪಕ್ಕದ ಹಾಸಿಗೆಯವರ ಸೇವೆಗೆ ನಿಲ್ಲಬೇಡ.

ಇಲ್ಲಿ ಎಲ್ಲ ಸುಸೂತ್ರ. ಈ ಸಲದ ಕ್ರಿಸ್‌ಮಸ್ ಸಿಂಗಾರದ ಕಥೆ ಕೇಳು. ನನ್ನ ಹುಚ್ಚು ನಿನಗೆ ಗೊತ್ತೇ ಇದೆ: ಬೀದಿಗೆಲ್ಲ ನಮ್ಮದೇ ದೊಡ್ಡ ನಕ್ಷತ್ರವಾಗಬೇಕು, ಮರ ಸೂರು ಮುಟ್ಟಬೇಕು, ದೀಪ ಜಗಜಗ ಎನ್ನಬೇಕು. ಮೊನ್ನೆ ಅಟ್ಟದಿಂದ ಪೆಟ್ಟಿಗೆ ಇಳಿಸಿದರೆ ದೀಪದ ಸರದ ವೈರನ್ನೆಲ್ಲ ಇಲಿ ಕಡಿದು ಹಾಕಿತ್ತು; ಪ್ಲಾಸ್ಟಿಕ್ ಮರ ಬೋಳು ಕೋಲಾಗಿತ್ತು. "ಹೊಸದು ತಂದ್ರಾಯ್ತು ಬಿಡಮ್ಮಾ" ಎಂದು ನಿನ್ನ ಗಂಡ ಆಗಷ್ಟೇ ಬೇಕರಿ ಕೆಲಸ ಮುಗಿಸಿ ಬಂದವನು ಮತ್ತೆ ಚಪ್ಪಲಿ ಮೆಟ್ಟಿಕೊಂಡ. ಅಷ್ಟರಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಹಿಂದಿನಿಂದ ನಿನ್ನ ಮಗಳು ಗುಬ್ಬಿ ಎದ್ದು ಬಂದಳು. ಕೈಯಲ್ಲೊಂದು ಪುಟ್ಟ ನಕ್ಷತ್ರ. ನೋಡಿದರೆ, ನಾನು ಹೊಲಿಯಲು ಒಪ್ಪಿಕೊಂಡ ಮದುವಣಗಿತ್ತಿಯ ಗೌನಿಗೆಂದು ಎರಡು ದಿನ ಕೂತು ಅಳತೆ ಬರೆದು ಕತ್ತರಿಸಿಟ್ಟಿದ್ದ ಕಂದು ಕಾಗದ! ತೋಳು ಒಂದು ಮೊನೆಯಾಗಿದೆ, ಕತ್ತು ಇನ್ನೊಂದು. ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಅವಳು, "ಅಜ್ಜಿ, ಆಸ್ಪತ್ರೆ ಕಿಟಕಿ ಚಿಕ್ಕದು. ನಿನ್ನ ದೊಡ್ಡ ನಕ್ಷತ್ರ ಅಲ್ಲಿ ಹಿಡಿಯಲ್ಲ" ಅಂದುಬಿಟ್ಟಳು. ಬಂದ ಬೈಗುಳ ಬಂದ ದಾರಿಯಲ್ಲೇ ಹೋಯಿತು.

ಅದು ನಿನಗೆ. ಮಡಚದೆ ತರಲು ನಿನ್ನ ಗಂಡನಿಗೆ ತಾಕೀತು ಮಾಡಿದ್ದೇನೆ. ಉಳಿದ ಕಾಗದದಲ್ಲಿ ಇನ್ನೊಂದು ಮಾಡಿ, ಒಳಗೆ ಒಂದೇ ಬಲ್ಬಿಟ್ಟು ನಮ್ಮ ಕಿಟಕಿಗೆ ಕಟ್ಟಿದೆವು. ನಾನು ಸೀಮೆಸುಣ್ಣದಲ್ಲಿ ಎಳೆದ ಗೆರೆ, ಬರೆದ ಇಂಚು ಎಲ್ಲ ಬೆಳಕಿನಲ್ಲಿ ಕಾಣುತ್ತವೆ, ಚೆಂದವಾಗಿಯೇ ಕಾಣುತ್ತವೆ. ಚಪ್ಪಲಿ ಡಬ್ಬಿ ಗೋದಲಿಯಾಯಿತು. ದಿಂಬಿನ ಹತ್ತಿಯಲ್ಲಿ ಕುರಿ, ಅಂಗಿ ಗುಂಡಿಯ ಕಣ್ಣು. ಒಂದು ಕುರಿಗೆ ಮೆಳ್ಳಗಣ್ಣು, ಅದೇ ಗುಬ್ಬಿಗೆ ಮುದ್ದು. ಹಿತ್ತಲಿನ ಒಂದು ಕೊಂಬೆ ಹೂಜಿಯಲ್ಲಿ ನಿಂತಿದೆ. ಎದುರುಮನೆ ಟೀಚರಮ್ಮ ಇಣುಕಿ, "ಈ ಸಲ ಇಷ್ಟೇನಾ?" ಎಂದರು. "ಇಷ್ಟೇ. ಸಾಕು" ಅಂದೆ. ಅಂದಮೇಲೆ ಹೆಗಲು ಹಗುರಾದ ಹಾಗಾಯಿತು ನೋಡು. ಗೌನಿನ ಅಳತೆ ಮತ್ತೆ ಬರೆದುಕೊಂಡೆ. ಮೊದಲಿಗಿಂತ ಚೆನ್ನಾಗಿ ಕೂರುತ್ತದೆ.

ದೇವರು ನಿಮ್ಮಿಬ್ಬರನ್ನೂ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅತ್ತೆ

ತಾ.ಕ.: ಇದನ್ನು ಎದುರಿಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಮೂರು ವರ್ಷದ ಹಿಂದೆ ಇದೇ ದಿನಗಳಲ್ಲಿ ನೀನು ಕೂಸು ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ. "ಹಬ್ಬದ ಮನೆ ಬಿಟ್ಟು ಹೇಗೆ ಬರ್ಲಿ" ಎಂದು ನಾನು ಏಣಿ ಹತ್ತಿ ದೀಪ ಕಟ್ಟುತ್ತಿದ್ದೆ. ನೀನು ಒಂದು ದಿನವೂ ಆಡಿ ತೋರಿಸಲಿಲ್ಲ. ತಪ್ಪಾಯಿತಮ್ಮಾ. ಗೌನು ಇಪ್ಪತ್ತಮೂರಕ್ಕೆ ಕೊಡುತ್ತೇನೆ. ಇಪ್ಪತ್ನಾಲ್ಕರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಮನೆಯನ್ನೂ ಗುಬ್ಬಿಯನ್ನೂ ನಿನ್ನ ಗಂಡ ನೋಡಿಕೊಳ್ಳುತ್ತಾನೆ. ಹೆರಿಗೆಯಾಗುವ ತನಕ ನಿನ್ನ ಹಾಸಿಗೆ ಪಕ್ಕದ ಕುರ್ಚಿ ನನ್ನದು. "ಬೇಡ ಅತ್ತೆ" ಅನ್ನಬೇಡ, ಚೀಲ ತುಂಬಿಯಾಗಿದೆ.