ಮೀನಿನ ವಾಸನೆ ಇಲ್ಲದ ಫ್ಯಾಕ್ಟರಿ

ಕೆಮ್ಮಣ್ಣು
ಮಂಗಳವಾರ

ತಮ್ಮ ರೂಪೇಶನಿಗೆ,

ನಿನ್ನ ಫೋನ್ ಸ್ವಿಚ್ ಆಫ್ ಬರುತ್ತಿದೆ. ಹಾಗಾಗಿ ನಿನ್ನ ಹೆಂಡತಿ ಕಾವ್ಯಾಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಅವಳು ಓದಿದರೂ ಅಡ್ಡಿಯಿಲ್ಲ.

ನೀನು ಕೆಲಸ ಮಾಡುವ ಕಂಪನಿಯ ಮೀನು ರಫ್ತೆಲ್ಲ ಬರೀ ಸುಳ್ಳು ಲೆಕ್ಕ, ಶೇರಿಗೆ ಇನ್ನು ಬೆಲೆಯಿಲ್ಲ ಎಂದು ಟಿವಿಯಲ್ಲಿ ಬಂದಾಗ ನಾನು ನಂಬಲಿಲ್ಲ. ನಿನ್ನೆ ಸರಸಕ್ಕನ ಜೊತೆ ಕಾಪುವಿನ ಫ್ಯಾಕ್ಟರಿಗೇ ಹೋದೆ. ಸಂತೆಕಟ್ಟೆಯಲ್ಲಿ ನನ್ನ ಪಕ್ಕ ಕೂತು ಮೀನು ಮಾರುವ ಅವರು, ಗಂಡನ ದೋಣಿ ಮಾರಿದ ಹಣವನ್ನೆಲ್ಲ ಆ ಶೇರಿಗೇ ಹಾಕಿದ್ದಾರೆ.

ಗೇಟಿಗೆ ಬೀಗ ಹಾಕಿತ್ತು. ಸರಸಕ್ಕ ಗೋಡೆಯ ಹತ್ತಿರ ನಿಂತು ಮೂಸಿದರು. "ಎಂತ ಇದು ಕುಶಲಾ, ಮೀನಿನ ವಾಸನೆಯೇ ಇಲ್ಲ ಅಲ್ವಾ?" ಎಂದರು. ಅಲ್ಲಿ ಒಂದು ಕಾಗೆಯೂ ಇರಲಿಲ್ಲ, ಒಂದು ಬೆಕ್ಕೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರೇ ನನಗೆ ಸಮಾಧಾನ ಹೇಳಿದರು. "ದೀಪಾವಳಿ ಕಳೆದ ಮೇಲೆ ನಿನ್ನ ತಮ್ಮನೇ ಮನೆಗೆ ಬಂದು ಶೇರು ಕೊಡಿಸಿದ್ದು ಮಾರಾಯ್ತಿ. ಪಾಪ, ಅವನಿಗೂ ಗೊತ್ತಿರಲಿಕ್ಕಿಲ್ಲ."

ರೂಪೇಶ, ದೀಪಾವಳಿಯ ದಿನವೇ ನೀನು ನನಗೆ ಫೋನ್ ಮಾಡಿದ್ದೆ. "ಅಕ್ಕ, ಎಂತಕ್ಕೆ ಅಂತ ಕೇಳಬೇಡ, ನಿನ್ನ ಹತ್ತಿರ ಇರುವ ನಮ್ಮ ಕಂಪನಿ ಶೇರು ಎಲ್ಲ ಮಾರಿಬಿಡು" ಎಂದಿದ್ದೆ. ನಾನು ಮಾರಿದೆ. ಆ ಹಣ ಬ್ಯಾಂಕಿನಲ್ಲಿ ಹಾಗೇ ಉಂಟು.

ನಾಳೆ ಬೆಳಿಗ್ಗೆ ಮತ್ತೆ ಅವರ ಪಕ್ಕದಲ್ಲೇ ನಾನು ಬುಟ್ಟಿ ಇಳಿಸಬೇಕು. ಅಷ್ಟರೊಳಗೆ ಬಂದು ಆ ಫೋನಿನ ವಿಷಯ ನೀನೇ ಅವರಿಗೆ ಹೇಳು. ಬರುವುದಿಲ್ಲವಾದರೆ ಕಾವ್ಯಾಳ ಹತ್ತಿರ ತಿಳಿಸು, ನಾನು ಹೇಳುತ್ತೇನೆ.

ಅವರು ಇನ್ನೂ ನಿನ್ನನ್ನು ಪಾಪ ಎನ್ನುತ್ತಿದ್ದಾರೆ.

ನಿನ್ನ ಅಕ್ಕ,
ಕುಶಲಾ