‘ನಮ್ಮನೆಯವರು’ ಅಂದರೆ ಯಾರು?

ಅತ್ತಿಗೆ,

ಸಾರು ಬಿಸಿ ಮಾಡಿಕೊಳ್ಳಿ. ಸನ್ಮಾನ ಸಂಜೆ ಐದಕ್ಕೆ. ಗಾಯಾಳು ಯೋಧರಿಗೆ ಆಸರೆಯಾದವರಿಗೆ ಮಾಜಿ ಸೈನಿಕರ ಸಂಘದವರು ಶಾಲು ಹೊದಿಸುತ್ತಾರಂತೆ. ಬಾಂಗ್ಲಾ ಯುದ್ಧದಿಂದ ಒಂದೇ ಕಾಲಲ್ಲಿ ಬಂದ ಅಣ್ಣನಿಗೆ ಮರದ ಕಾಲು ಕಟ್ಟಿ ನಡೆಯಲು ಕಲಿಸಿದವರು ನೀವು. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿರುವುದು ಅಪ್ಪನ ಹೆಸರು!

ಆಸರೆ ಯಾರೆಂದು ಸಂಘದವರು ಕೇಳಿದಾಗ ಅಣ್ಣ ನಾಚಿಕೊಂಡು ‘ನಮ್ಮನೆಯವರು’ ಅಂದನಂತೆ. ಹೆಂಡತಿ ಅನ್ನೋ ಅರ್ಥದಲ್ಲಿ ಅಂದದ್ದನ್ನು ಅವರು ಮನೆ ಯಜಮಾನರು, ಅಂದರೆ ಅಪ್ಪ, ಎಂದುಕೊಂಡರು. ಅಪ್ಪ ಆಗಲೇ ಕೋಟಿಗೆ ಇಸ್ತ್ರಿ ಹಾಕಿಸಿದ್ದಾರೆ. ಹೇಳಿದರೆ ಅವರ ಮುಖ ಬಾಡುತ್ತದೆ, ಹೇಳದಿದ್ದರೆ ನಿಮಗೆ ಅನ್ಯಾಯ. ನನಗೊಂದೂ ತೋಚುತ್ತಿಲ್ಲ. ಜಗಳಕ್ಕೆಂದು ಪೀಣ್ಯದಲ್ಲಿರುವ ಸಂಘದ ಕಚೇರಿಗೆ ಹೊರಟಿದ್ದೇನೆ, ಯಾರ ಜೊತೆ ಅಂತ ಗೊತ್ತಿಲ್ಲ.

‘ಮೈಕಿನಲ್ಲೇ ವತ್ಸಲಾ ಅಂತ ಕೂಗ್ತೀನಿ ಕಣೇ’ ಅಂದಿದ್ದಾನೆ ಅಣ್ಣ. ಕೂಗಿದರೆ ಸೆರಗು ಎಳೆದುಕೊಂಡು ಕೂರಬೇಡಿ, ಎದ್ದು ಹೋಗಿ.

ಊರ್ಮಿಳಾ