ಸರ್ವರ್ ಹೇಳಿದ ಚಾಡಿ

ಅಪ್ಪಾ,

ಮದುವೆ ಫೋಟೊ ತೆಗೆಯಲು ಹೊರಟಿದ್ದೇನೆ, ನಾಳೆ ಬರುತ್ತೇನೆ. ಅಲ್ಲಿಯವರೆಗೆ ಮೆಟ್ಟಿಲ ಕೆಳಗಿನ ಮೋಡೆಮ್ಮಿನ ಪ್ಲಗ್ಗು ಕೀಳಬೇಡ. ಕೈ ಮುಗಿಯುತ್ತೇನೆ.

ಅದನ್ನು ಆರಿಸಿ ಹಾಕಿದಾಗಲೆಲ್ಲ ಇಂಟರ್ನೆಟ್‌ನವರು ನಮ್ಮ ಮನೆಗೆ ಹೊಸ ಇಂಟರ್ನೆಟ್ ವಿಳಾಸ ಕೊಡುತ್ತಾರೆ. ನನ್ನ ಗಿರಾಕಿಗಳು ಫೋಟೊ ನೋಡಲು ಹಳೆಯ ವಿಳಾಸಕ್ಕೆ ಹೋಗಿ, ಬಾಗಿಲು ಬಡಿದು ವಾಪಸಾಗುತ್ತಾರೆ. ಅದಕ್ಕೇ ಆ ಫೋಟೊಗಳನ್ನಿಟ್ಟಿರುವ ನನ್ನ ಕೋಣೆಯ ಕಂಪ್ಯೂಟರನ್ನೇ, ಅದೇ ಸರ್ವರನ್ನು, ಕಾವಲಿಗೆ ಕೂರಿಸಿದ್ದೇನೆ. ವಿಳಾಸ ಬದಲಾದ ತಕ್ಷಣ ಅದು ನನ್ನ ಫೋನಿಗೆ ಚಾಡಿ ಹೇಳುತ್ತದೆ.

ಹಾಗಾಗಿ ನನಗೆ ಎಲ್ಲ ಗೊತ್ತು. ‘ವಾಕಿಂಗ್ ಹೋಗ್ತೀನಿ ಕಣೇ’ ಅಂತ ಅಮ್ಮನಿಗೆ ಹೇಳಿ, ಮೆಟ್ಟಿಲ ಕೆಳಗೆ ತೂರಿಕೊಂಡು, ಅದೇ ಪ್ಲಗ್ಗಿನ ಜಾಗದಲ್ಲಿ ಸೋಲ್ಡರಿಂಗ್ ಐರನ್ ಕಾಯಿಸಿ ರೇಡಿಯೊ ರಿಪೇರಿಗೆ ಕೂರುತ್ತೀಯ. ಆ ಐರನ್ ತಾಗಿ ಕಿಟಕಿ ಪರದೆ ಸುಟ್ಟ ದಿನ ‘ಇನ್ನು ಮುಟ್ಟಲ್ಲ’ ಅಂತ ಅಮ್ಮನ ಮುಂದೆ ಆಣೆ ಮಾಡಿದವನು ನೀನೇ ತಾನೆ?

ಅಮ್ಮನಿಗೆ ನಾನು ಬಾಯಿ ಬಿಟ್ಟಿಲ್ಲ. ಶೂ ಗೂಡಿನ ಹಿಂದೆ ಹೊಸ ಎಕ್ಸ್‌ಟೆನ್ಶನ್ ಬೋರ್ಡ್ ಇಟ್ಟಿದ್ದೇನೆ, ಅದಕ್ಕೆ ಸಿಕ್ಕಿಸಿಕೋ. ಕಿಟಕಿ ತೆಗೆದಿಡು. ಅವಳ ಮೂಗು ಬಲು ಚುರುಕು.

ಇನ್ನೊಂದು ವಿಷಯ. ನಿನ್ನೆ ನೀನು ನನ್ನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಕೂತಿದ್ದಾಗಲೂ ವಿಳಾಸ ಬದಲಾಯಿತು. ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ. ರಿಪೇರಿಯಾಗದೆ ನೀನು ಕೈಚೆಲ್ಲಿದ್ದ ಪಕ್ಕದ ಮನೆಯವರ ರೇಡಿಯೊ ನಾವು ಬರುವಷ್ಟರಲ್ಲಿ ಹಾಡುತ್ತಿತ್ತು. ‘ನೋಡಿದ್ಯಾ ನನ್ನ ಕೈಗುಣ!’ ಅಂತ ನೀನು ಹೊರಗೆ ಪಕ್ಕದ ಮನೆಯವರ ಮುಂದೆ ಬೀಗುತ್ತಿದ್ದಾಗ ಅಮ್ಮ ಒಳಗೆ ಸದ್ದಿಲ್ಲದೆ ಬೆರಳಿನ ಸುಟ್ಟಗಾಯಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು.

ಜಗಳವಾಡಬೇಡಿ. ಬೋರ್ಡಿನಲ್ಲಿ ಇಬ್ಬರಿಗೂ ಜಾಗವಿದೆ.